ಒಂದು ಅತ್ತಿಕಾಯಿಯೊಳಗೆ ಇಡೀ ಪರಿಸರ ಪಾಠ

ಬ್ಲೇಡಿನಿಂದ ಎರಡು ಹೋಳು ಮಾಡಿದ ಅತ್ತಿಕಾಯಿ ಮೇಷ್ಟ್ರ ಅಂಗೈಯಲ್ಲಿತ್ತು. ಒಂಬತ್ತನೇ ತರಗತಿಯ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನೋಡುತ್ತಿದ್ದರು. ಕಾಯಿಯೊಳಗೆ ಕೆಂಚು ಬಣ್ಣದ, ರೆಕ್ಕೆಯೇ ಇಲ್ಲದ ಹುಳಗಳು ತೆವಳುತ್ತಿದ್ದವು. ಅವುಗಳ ನಡುವಿನಿಂದ ಎರಡು ಮಿಲಿಮೀಟರ್ ಉದ್ದದ ಕಪ್ಪು ಕಣಜಗಳು ಒಂದೊಂದಾಗಿ ಎದ್ದು, ರೆಕ್ಕೆ ಬಿಡಿಸಿಕೊಂಡು ಹಾರಿಹೋದವು. “ಸರ್, ಹೊರಗೆ ಒಂದು ತೂತೂ ಇಲ್ವಲ್ಲ, ಇಷ್ಟೊಂದು ಹುಳ ಒಳಗೆ ಹೋಗಿದ್ದು ಹೆಂಗೆ?” ಎಂದು ಹುಡುಗಿಯೊಬ್ಬಳು ಕೇಳಿದಳು. ಮೇಷ್ಟ್ರು ಉತ್ತರ ಹೇಳಲಿಲ್ಲ. ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, “ತುದಿಯಲ್ಲಿ ಏನಿದೆ ನೋಡು” ಅಂದರು.

ಮಲೆನಾಡಿನ ಆ ಪ್ರೌಢಶಾಲೆಯ ಹಿಂದೆಯೇ ಒಂದು ಹಳ್ಳ ಹರಿಯುತ್ತದೆ, ಹಳ್ಳದ ದಂಡೆಯಲ್ಲಿ ಅತ್ತಿಮರಗಳಿವೆ. ಅತ್ತಿ ಕಾಂಡಕ್ಕೇ ಗೊಂಚಲು ಬಿಡುವ ಮರವಾದ್ದರಿಂದ ಕಾಯಿ ಮಕ್ಕಳ ಕೈಗೆ ಎಟುಕುತ್ತದೆ. ಕಂಬಳಿಹುಳ, ಕಪ್ಪೆ, ಹಾವು, ಹದ್ದು ಎಂದು ಬಾಣ ಎಳೆದ ಚಿತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಒಂದು ಕಾಯಿ ಕೊಯ್ದು ತೋರಿಸಬೇಕು ಎಂಬುದು ಆ ಮೇಷ್ಟ್ರ ಕ್ರಮ. ಅಂದಿನಿಂದ ನನಗೂ ಅದೇ ಸರಿಯಾದ ಕ್ರಮ ಎನಿಸಿದೆ.

ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಹೂವು ಇರುವುದು ಕಾಯಿಯ ಒಳಗೆ, ಅದೂ ಸಾವಿರಾರು. ಎಳೆಗಾಯಿ ಹದಕ್ಕೆ ಬಂದಾಗ ಮರ ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಸೆರಟೊಸೊಲೆನ್ ಫಸ್ಕಿಸೆಪ್ಸ್ ಎಂಬ ಹೆಣ್ಣು ಕಣಜ ಬರುತ್ತದೆ. ಕಾಯಿಯ ತುದಿಯಲ್ಲಿರುವ ಸಣ್ಣ ಬಾಯಿ ಎಷ್ಟು ಇಕ್ಕಟ್ಟೆಂದರೆ ತೂರುವಾಗ ಕಣಜದ ರೆಕ್ಕೆ ಕಿತ್ತುಹೋಗುತ್ತದೆ. ಎದೆಯ ಚೀಲಗಳಲ್ಲಿ ತಂದ ಪರಾಗವನ್ನು ಅದು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಹುಳದ ತೊಟ್ಟಿಲೂ ಊಟವೂ ಆಗುತ್ತದೆ, ಉಳಿದವು ಬೀಜವಾಗುತ್ತವೆ. ವಾರಗಳು ಕಳೆದ ಮೇಲೆ ಮೊದಲು ಗಂಡುಗಳು ಹೊರಬಂದು, ಇನ್ನೂ ಗೂಡಿನಲ್ಲೇ ಇರುವ ಹೆಣ್ಣುಗಳೊಂದಿಗೆ ಕೂಡುತ್ತವೆ. ಆಮೇಲೆ ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಆ ದಾರಿಯಲ್ಲಿ ಹಾರುತ್ತವೆ. ಗಂಡುಗಳಿಗೆ ರೆಕ್ಕೆ ಎಂಬುದೇ ಇಲ್ಲ, ಅವುಗಳ ಬದುಕೆಲ್ಲ ಒಂದೇ ಕಾಯಿಯಲ್ಲಿ ಮುಗಿಯುತ್ತದೆ. ಪುಸ್ತಕದಲ್ಲಿ ಪರಸ್ಪರಾವಲಂಬನೆ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುವ ಸಂಬಂಧ ಇದೇ. ಇದು ಸುಮಾರು ಏಳೂವರೆ ಕೋಟಿ ವರ್ಷ ಹಳೆಯದು ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ.

ಇಂಥ ಸಂಬಂಧಗಳನ್ನು ಅಧ್ಯಯನ ಮಾಡುವ ಪರಿಸರ ವಿಜ್ಞಾನಕ್ಕೆ 1866ರಲ್ಲಿ ಹೆಸರಿಟ್ಟವರು ಜರ್ಮನಿಯ ಅರ್ನ್ಸ್ಟ್ ಹೆಕೆಲ್. ಆಹಾರ ಸರಪಳಿಯ ಕಲ್ಪನೆಯನ್ನು 1927ರಲ್ಲಿ ಗಟ್ಟಿಮಾಡಿದವರು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್. ಜೀವಿಗಳನ್ನೂ ಮಣ್ಣು, ನೀರು, ಗಾಳಿಯನ್ನೂ ಸೇರಿಸಿ ಒಂದೇ ಪರಿಸರ ವ್ಯವಸ್ಥೆಯಾಗಿ ನೋಡಬೇಕೆಂದು 1935ರಲ್ಲಿ ಆರ್ಥರ್ ಟಾನ್ಸ್ಲೆ ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಅಲ್ಲಿಯೇ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ನಮ್ಮ ಈ ಅತ್ತಿಯನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ನನ್ನ ಮನಸ್ಸು ಮಾತ್ರ ಇನ್ನೊಂದು ಕಣಜದ ಮೇಲೆ ನೆಟ್ಟುಹೋಗಿದೆ. ಅದೇ ದಂಡೆಯಲ್ಲಿ ತುಸು ಆಚೆಗಿದ್ದ ಅತ್ತಿಮರದ ಕಾಯಿ ಇನ್ನೂ ಹಸಿರಾಗಿ, ಗಟ್ಟಿಯಾಗಿತ್ತು. ಅಂಥ ಒಂದು ಕಾಯಿಯ ಮೇಲೆ, ಬಾಲದಂತೆ ಉದ್ದನೆಯ ನೂಲೊಂದನ್ನು ಹೊತ್ತ ಕಣಜ ಕುಳಿತಿತ್ತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಅದು ಹಿಂಭಾಗವನ್ನು ಎತ್ತಿ, ನೂಲನ್ನು ನೆಟ್ಟಗೆ ನಿಲ್ಲಿಸಿ, ಕಾಯಿಯ ಗೋಡೆಗೆ ಇಳಿಸತೊಡಗಿತು. ಇದು ಅಪೊಕ್ರಿಪ್ಟಾ ಜಾತಿಯದು. ಪರಾಗದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳಗೆ ಬೆಳೆಯುತ್ತಿರುವ ಬೇರೆ ಕಣಜದ ಮರಿಯ ಬಳಿ ಹೊರಗಿನಿಂದಲೇ ಮೊಟ್ಟೆಯಿಡುತ್ತದೆ, ಇದರ ಮರಿ ಆ ಮರಿಯನ್ನು ತಿಂದು ಬೆಳೆಯುತ್ತದೆ. ತಲೆಗೂದಲಿಗಿಂತ ತೆಳುವಾದ ಆ ನೂಲು ಗಟ್ಟಿಕಾಯಿಯಲ್ಲಿ ಬಾಗದೆ, ಮುರಿಯದೆ ಇಳಿಯುವುದು ಹೇಗೆ?

ವಿಜ್ಞಾನ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಆ ನೂಲಿನ ತುದಿಯಲ್ಲಿ ಗರಗಸದ ಹಾಗೆ ಹಲ್ಲುಗಳಿವೆ. ಆ ತುದಿಯಲ್ಲಿ ಸತು ಸೇರಿಕೊಂಡಿದೆ, ಅದರಿಂದಲೇ ಅಷ್ಟು ಗಡಸು. ಕಾಯಿಯೊಳಗೇ ಹೊಕ್ಕು ಮೃದುವಾದ ಹೂವಿನಲ್ಲಿ ಮೊಟ್ಟೆಯಿಡುವ ಪರಾಗದ ಕಣಜಕ್ಕೆ ಇಂಥ ಹಲ್ಲಿಲ್ಲ, ಅದರ ತುದಿ ಚಮಚದ ಆಕಾರದ್ದು. ಒಂದೇ ಕಾಯನ್ನು ನಂಬಿದ ಎರಡು ಕೀಟಗಳಲ್ಲಿ ಒಂದು ಬಾಗಿಲಿನಿಂದ ಹೋಗುತ್ತದೆ, ಇನ್ನೊಂದು ಗೋಡೆ ಕೊರೆಯುತ್ತದೆ. ಒಂದು ಬರುವುದು ಕಾಯಿ ಎಳೆಯದಾಗಿದ್ದಾಗ, ಇನ್ನೊಂದು ಬಲಿತ ಮೇಲೆ. ಪಠ್ಯದಲ್ಲಿ ‘ನಿಷ್’ ಎಂಬ ಮಾತು ಬಂದಾಗ ಮಕ್ಕಳು ಅದನ್ನು ಜೀವಿಯ ವಿಳಾಸ ಎಂದಷ್ಟೇ ತಿಳಿಯುತ್ತಾರೆ. ಎಲ್ಲಿ, ಯಾವಾಗ, ಯಾವ ಹತಾರದಿಂದ, ಯಾರನ್ನು ನಂಬಿ ಬದುಕುತ್ತದೆ ಎಂಬುದೆಲ್ಲ ಸೇರಿದರೆ ಆಗುವುದೇ ನಿಷ್. ಸತುವಿನ ಆ ತುದಿಯನ್ನು ಕಂಡ ಮಗುವಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಕಾಯಿಯ ಹೊರಗೆ ಚಗಳಿ ಇರುವೆಗಳು ಕಾದಿರುತ್ತವೆ. ಪರಾಗದ ಕಣಜದ ಮರಿ ಹೂವನ್ನು ತಿಂದದ್ದು, ಅಂದರೆ ಮೊದಲ ಹಂತದ ಭಕ್ಷಕ. ಅದನ್ನು ಹಿಡಿದ ಚಗಳಿ ಎರಡನೇ ಹಂತದ್ದು. ಅದೇ ಚಗಳಿ ಅಪೊಕ್ರಿಪ್ಟಾವನ್ನು ಹಿಡಿದರೆ ಮೂರನೇ ಹಂತಕ್ಕೆ ಏರಿತು. ಒಂದೇ ಇರುವೆ, ಒಂದೇ ಮಧ್ಯಾಹ್ನ, ಎರಡು ಹಂತ! ಸರಪಳಿ ಎಂಬುದು ನಮ್ಮ ಅನುಕೂಲಕ್ಕೆ ಎಳೆದ ಗೆರೆ, ಅಲ್ಲಿರುವುದು ಜಾಲ. ಹಂತದಿಂದ ಹಂತಕ್ಕೆ ಶೇ 10ರಷ್ಟು ಶಕ್ತಿ ಮಾತ್ರ ದಾಟುತ್ತದೆ ಎಂಬ ‘ನಿಯಮ’ದ ಬಗ್ಗೆಯೂ ನನಗೆ ತಕರಾರಿದೆ. ಇದರ ಮೂಲ, ಅಮೆರಿಕದ ಮಿನೆಸೋಟದ ಒಂದು ಪುಟ್ಟ ಕೆರೆಯ ಬಗ್ಗೆ ರೇಮಂಡ್ ಲಿಂಡೆಮನ್ 1942ರಲ್ಲಿ ಬರೆದ ಅಪೂರ್ವ ಪ್ರಬಂಧ. ಅದು ಅಚ್ಚಾಗುವ ಮೊದಲೇ, 26ರ ಹರೆಯದಲ್ಲಿ, ಅವರು ತೀರಿಕೊಂಡಿದ್ದರು. ಅವರ ಲೆಕ್ಕದಲ್ಲೂ ಪ್ರಮಾಣ ಹಂತದಿಂದ ಹಂತಕ್ಕೆ ಬದಲಾಗುತ್ತದೆ. ಹತ್ತು ಎಂಬುದು ಸ್ಥೂಲ ಸರಾಸರಿ. ಪರೀಕ್ಷೆಯ ಒಂದು ಅಂಕದ ಆಸೆಗೆ ಅದನ್ನು ಕಲ್ಲಿನಲ್ಲಿ ಕೆತ್ತಿದ ನಿಯಮವೆಂದು ಕಲಿಸಬಾರದು.

ನನಗೆ ಇದಕ್ಕಿಂತ ದೊಡ್ಡ ತಕರಾರು ‘ಪ್ರಕೃತಿಯಲ್ಲಿ ಎಲ್ಲವೂ ಸಾಮರಸ್ಯ’ ಎಂಬ ಭಾಷಣದ ಬಗ್ಗೆ. ಪರಾಗದ ಕಣಜ ಎಲ್ಲ ಹೂಗಳಲ್ಲೂ ಮೊಟ್ಟೆಯಿಟ್ಟರೆ ಅತ್ತಿಗೆ ಬೀಜವೇ ಇರುವುದಿಲ್ಲ. ಹಾಗಾದರೆ ಕಣಜವನ್ನು ತಡೆಯುವುದು ಯಾವುದು? ಆಸ್ಟ್ರೇಲಿಯಾದ ಒಂದು ಅತ್ತಿ ಪ್ರಭೇದದ ಮೇಲೆ ನಡೆದು 2008ರಲ್ಲಿ ಬಂದ ಅಧ್ಯಯನದಲ್ಲಿ ಬೆರಗಿನ ಉತ್ತರವಿದೆ. ಗೋಡೆಯ ಹತ್ತಿರದ ಹೂಗಳಲ್ಲಿ ಬೆಳೆಯುವ ಮರಿಗಳಿಗೆ ಹೊರಗಿನಿಂದ ಚುಚ್ಚುವ ಪರಾವಲಂಬಿಗಳ ಕಾಟ ಹೆಚ್ಚು. ಆದ್ದರಿಂದ ಕಣಜಕ್ಕೆ ಕಾಯಿಯ ನಡುವಿನ ಹೂವೇ ಲಾಭ. ಗೋಡೆಯ ಕಡೆಯವು ಬೀಜವಾಗಿ ಉಳಿಯುತ್ತವೆ. ಮರ ಮತ್ತು ಕಣಜದ ಗೆಳೆತನವನ್ನು ಕಾಯಲು ಗೋಡೆ ಕೊರೆಯುವ ವೈರಿಯೂ ಬೇಕು! ಉಪಕಾರಿ ಕೀಟ, ಅಪಕಾರಿ ಕೀಟ ಎಂದು ಎರಡು ಪಟ್ಟಿ ಮಾಡಿಸುವ ಮೊದಲು ಇದನ್ನು ಹೇಳಿಕೊಡಬೇಕು.

ಕಾಯಿ ಹಣ್ಣಾದ ಮೇಲೆ ಮಂಗಟ್ಟೆ, ಕುಟ್ರಹಕ್ಕಿ, ಬಾವಲಿ, ಕೆಂದಳಿಲು, ಪುನುಗಿನ ಬೆಕ್ಕು ಎಲ್ಲವೂ ಬರುತ್ತವೆ. ಹಳ್ಳಕ್ಕೆ ಬಿದ್ದದ್ದು ಮೀನಿಗೆ. ಜಗತ್ತಿನಲ್ಲಿ ಅತ್ತಿ, ಆಲ, ಬಸರಿ ಕುಲದ 750ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳ ಹಣ್ಣು ತಿನ್ನುವ ಹಕ್ಕಿ ಮತ್ತು ಸಸ್ತನಿಗಳ ಪಟ್ಟಿ 1,200 ಪ್ರಭೇದಗಳನ್ನು ಮೀರಿದೆ. ಬೇರೆ ಹಣ್ಣಿಲ್ಲದ ಕಾಲದಲ್ಲಿ ಕಾಡನ್ನು ಸಾಕುವುದು ಇವೇ ಎಂದು ಪೆರುವಿನ ಕಾಡುಗಳಲ್ಲಿ ಕೆಲಸ ಮಾಡಿದ ಜಾನ್ ಟೆರ್ಬೋರ್ಗ್ 1986ರಲ್ಲಿ ವಾದಿಸಿದರು. ಮೂರೇ ವರ್ಷದಲ್ಲಿ ಆಫ್ರಿಕಾದ ಗಬಾನ್‌ನಿಂದ ‘ಇಲ್ಲಿ ಹಾಗಿಲ್ಲ’ ಎಂಬ ವರದಿ ಬಂತು. ಎರಡನ್ನೂ ಮಕ್ಕಳಿಗೆ ಹೇಳಬೇಕು. ಒಂದು ಕಾಡಿನ ಉತ್ತರ ಇನ್ನೊಂದು ಕಾಡಿಗೆ ಹೊಂದಲೇಬೇಕೆಂದಿಲ್ಲ ಎಂಬುದೂ ಈ ವಿಜ್ಞಾನದ ಮೂಲಪಾಠವೇ.

ರಸ್ತೆ ಅಗಲಿಸುವಾಗ ‘ಒಂದು ಮರ ಉಳಿಸಿದ್ದೇವಲ್ಲ’ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅತ್ತಿಯ ವಿಷಯದಲ್ಲಿ ಈ ಸಮಾಧಾನ ನಿಲ್ಲುವುದಿಲ್ಲ. ಹೊರಬಂದ ಹೆಣ್ಣು ಕಣಜ ಬದುಕುವುದು ಒಂದೆರಡು ದಿನ. ಅಷ್ಟರೊಳಗೆ ಹದಕ್ಕೆ ಬಂದ ಎಳೆಗಾಯಿ ಇರುವ ಇನ್ನೊಂದು ಮರ ಅದಕ್ಕೆ ಸಿಗಬೇಕು. ನಮೀಬ್ ಮರುಭೂಮಿಯ ಅತ್ತಿ ಕಣಜಗಳು ಗಾಳಿಯ ಜೊತೆ ಸುಮಾರು 160 ಕಿಲೋಮೀಟರ್ ಸಾಗುವುದು ದಾಖಲಾಗಿದೆ. ಆದರೆ ಎಷ್ಟು ದೂರ ಸಾಗಿದರೂ ಆ ಕಡೆ ಮರವೊಂದು ಸರಿಯಾದ ಹದದಲ್ಲಿ ಕಾದಿರಬೇಕು. ಮರಗಳು ಬೇರೆ ಬೇರೆ ಕಾಲಕ್ಕೆ ಕಾಯಿ ಬಿಡುವುದರಿಂದ, ಕಣಜದ ವಂಶ ಮುಂದುವರಿಯಲು ವರ್ಷದುದ್ದಕ್ಕೂ ಸಾಕಷ್ಟು ಮರಗಳಿರಲೇಬೇಕು. ಉಳಿಸಬೇಕಾದ್ದು ಮರವನ್ನಲ್ಲ, ಮರಗಳ ಸಮೂಹವನ್ನು.

ಆದ್ದರಿಂದ ಜೀವಶಾಸ್ತ್ರದ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಪರಿಸರ ದಿನಕ್ಕೆ ಘೋಷಣೆ ಬರೆಸುವ ಬದಲು ಮಕ್ಕಳಿಂದ ಊರಿನ ಅತ್ತಿಮರಗಳ ನಕ್ಷೆ ಬರೆಸಿ. ಯಾವ ಮರ ಯಾವ ತಿಂಗಳು ಕಾಯಿ ಬಿಟ್ಟಿತು, ಯಾವಾಗ ಹಣ್ಣಾಯಿತು, ಯಾರು ಯಾರು ತಿಂದರು ಎಂದು ತರಗತಿಯ ನೋಟ್‌ಬುಕ್ಕಿನಲ್ಲಿ ದಾಖಲಾಗಲಿ, ಮುಂದಿನ ವರ್ಷದ ತಂಡ ಅದನ್ನು ಮುಂದುವರಿಸಲಿ. ಊರಿನಲ್ಲಿ ಮರ ಕಡಿಯುವ ಮಾತು ಎದ್ದ ದಿನ ಆ ನೋಟ್‌ಬುಕ್ಕನ್ನು ಗ್ರಾಮಸಭೆಯಲ್ಲಿ ಮುಂದಿಟ್ಟು ಮಾತಾಡಬಹುದು.