ವೈಮಾನಿಕ ನಂದಾ ಕಾರ್ಯಪ್ಪನವರು

ನಮ್ಮ ವಾಯುಪಡೆಯ ಲಾಂಛನದಲ್ಲಿರುವ ಧ್ಯೇಯವಾಕ್ಯವನ್ನು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಿಂದ ಆರಿಸಿರುವರೆಂಬುದು ವಾಚಕರಲ್ಲಿ ಹಲವರಿಗೆ ತಿಳಿದಿರಬಹುದು. ಆಕಾಶವನ್ನು ಮುಟ್ಟಿ ಜ್ವಲಿಸುವುದೆಂದು ಅದರ ತಾತ್ಪರ್ಯ. ಆ ಶ್ಲೋಕವನ್ನು ಪೂರ್ತಿಯಾಗಿ ಓದಿದವರಿಗೆ ಇನ್ನೊಂದು ಸಂಗತಿಯೂ ನೆನಪಿಗೆ ಬರುವುದು. ವಿಶ್ವರೂಪವನ್ನು ಕಂಡ ಅರ್ಜುನನು ತನ್ನ ಅಂತರಾತ್ಮವು ತಳಮಳಿಸುತ್ತಿರುವುದೆಂದೂ, ಧೃತಿಯೂ ಶಾಂತಿಯೂ ತನಗೆ ದೊರೆಯದಾಗಿವೆಯೆಂದೂ ಅಲ್ಲಿಯೇ ಮೊರೆಯಿಡುವನು. ಮುಗಿಲನ್ನು ಮುಟ್ಟುವ ಮಾತಿನ ಮಗ್ಗುಲಲ್ಲಿಯೇ ಧೃತಿಗೆಡುವ ಮಾತೂ ಇರುವುದು. ವಿಮಾನವನ್ನೇರುವ ಯೋಧನಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಗುಣವು ಯಾವುದೆಂಬುದನ್ನು ಇದರಿಂದ ಊಹಿಸಬಹುದು. ಒಂದೇ ಸಂಕಟದಲ್ಲಿ ತಂದೆಯೂ ಮಗನೂ ಆ ಗುಣವನ್ನು ಮೆರೆದ, ನಮ್ಮ ನಾಡಿನದೇ ಆದ ಒಂದು ಮನೆತನದ ಕಥೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕೊಡಗಿನಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಅವನ ಒಕ್ಕದ, ಎಂದರೆ ಮನೆತನದ, ಹೆಸರನ್ನು ಹೇಳುವುದು ವಾಡಿಕೆ. ಕೊಡಂದೇರ ಒಕ್ಕದ ಮಾದಪ್ಪನವರ ಪುತ್ರರಾದ ಕಾರ್ಯಪ್ಪನವರು 1949ನೆಯ ಇಸವಿ ಜನವರಿ 15ರಂದು ಭಾರತದ ಭೂಸೇನೆಗೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಇಂದಿಗೂ ಸೇನಾದಿನವೆಂದು ಆಚರಿಸುವರು. ಇವರ ಮಗನಾಗಿ 1938ರಲ್ಲಿ ಜನಿಸಿದವರೇ ನಮ್ಮ ಕಥಾನಾಯಕರು. ಇವರ ಹೆಸರೂ ಕಾರ್ಯಪ್ಪನೆಂದೇ. ಆದರೆ ಮನೆಯಲ್ಲಿಯೂ ಸ್ನೇಹಿತರಲ್ಲಿಯೂ ‘ನಂದಾ’ ಎಂದೇ ರೂಢಿಯಾಯಿತು. ಭೂಸೇನೆಯಲ್ಲಿ ತಂದೆಯ ಹೆಸರನ್ನು ಅರಿಯದ ಸಿಪಾಯಿಯಿರಲಿಲ್ಲ. ಮಗನಾದರೋ 1957ರಲ್ಲಿ ವಾಯುಪಡೆಯನ್ನು ಸೇರಿ ಯುದ್ಧವಿಮಾನದ ಚಾಲಕರಾದರು. ನೆಲದ ಮೇಲೆ ದೊಡ್ಡ ಮನೆತನಕ್ಕೆ ನೂರು ಮಂದಿ ದಾರಿ ಬಿಡಬಹುದು. ಆಕಾಶದಲ್ಲಿರುವ ಯಂತ್ರಕ್ಕೆ ಯಾರ ತಂದೆಯ ಪರಿಚಯವೂ ಇರುವುದಿಲ್ಲ.

ವಾಯುಪಡೆಯ ಪದವಿಗಳ ಪರಿಚಯವು ಎಲ್ಲರಿಗೂ ಇರಲಾರದಾದುದರಿಂದ ಅವುಗಳ ಸೋಪಾನವನ್ನು ಇಲ್ಲಿ ಹೇಳುವುದು ಲೇಸು. ಆ ಕಾಲದಲ್ಲಿ ಮೊದಲನೆಯ ಮೆಟ್ಟಿಲು ಪೈಲಟ್ ಆಫೀಸರ್. ಅಲ್ಲಿಂದ ಮುಂದೆ ಫ್ಲೈಯಿಂಗ್ ಆಫೀಸರ್, ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್, ಏರ್ ಕಮೋಡೋರ್, ಏರ್ ವೈಸ್ ಮಾರ್ಷಲ್. ಒಂಬತ್ತನೆಯದು ಏರ್ ಮಾರ್ಷಲ್. ಅದರ ಮೇಲೆ ಇಡೀ ಪಡೆಯ ಮುಖ್ಯಸ್ಥರಾದ ಏರ್ ಚೀಫ್ ಮಾರ್ಷಲ್ ಒಬ್ಬರೇ. ಮೆಟ್ಟಿಲು ಮೇಲಕ್ಕೆ ಹೋದಂತೆಲ್ಲ ಜಾಗವು ಕಿರಿದಾಗುತ್ತ ಬರುವುದು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವು ಒದಗಿದಾಗ ನಂದಾ ಕಾರ್ಯಪ್ಪನವರು ಮೂರನೆಯ ಮೆಟ್ಟಿಲಿನಲ್ಲಿ, ಎಂದರೆ ಫ್ಲೈಟ್ ಲೆಫ್ಟಿನೆಂಟ್ ಪದವಿಯಲ್ಲಿ, ಇದ್ದರು. ವಯಸ್ಸು ಇಪ್ಪತ್ತೇಳು.

ಅವರು ನಡೆಸುತ್ತಿದ್ದುದು ಇಂಗ್ಲೆಂಡಿನಲ್ಲಿ ನಿರ್ಮಿತವಾದ ‘ಹಂಟರ್’ ಎಂಬ ಜೆಟ್ ವಿಮಾನ. ಇದರಲ್ಲಿ ಆಸನವು ಒಂದೇ. ದಾರಿ ನೋಡುವವನೂ, ಯಂತ್ರವನ್ನು ನಡೆಸುವವನೂ, ನಾಲ್ಕು ಫಿರಂಗಿಗಳನ್ನು ಹಾರಿಸುವವನೂ ಒಬ್ಬನೇ. ವೇಗವು ಶಬ್ದದ ವೇಗಕ್ಕೆ ಸಮೀಪವಾದುದು. ಶತ್ರುವಿನ ಟ್ಯಾಂಕುಗಳನ್ನೂ ತೋಪುಗಳನ್ನೂ ಹೊಡೆಯಬೇಕಾದಾಗ ಇಂತಹ ವೇಗದಲ್ಲಿ ನೆಲಕ್ಕೆ ಹತ್ತಿರವಾಗಿ ಹಾರಬೇಕಾಗುವುದು. ಕೆಳಗಿನಿಂದ ಬರುವ ಗುಂಡುಗಳಿಗೆ ವಿಮಾನವು ಸುಲಭವಾಗಿ ಗುರಿಯಾಗುವುದೂ ಆಗಲೇ. ವಿಮಾನಕ್ಕೆ ಬೆಂಕಿ ಹತ್ತಿದರೆ ಚಾಲಕನು ಒಂದು ಹಿಡಿಕೆಯನ್ನೆಳೆಯಬೇಕು. ಆಸನದ ಅಡಿಯಲ್ಲಿರುವ ಮದ್ದು ಸಿಡಿದು ಅವನನ್ನು ಆಸನಸಮೇತ ಮೇಲಕ್ಕೆ ಎಸೆಯುವುದು. ಬಳಿಕ ಪ್ಯಾರಾಚೂಟು ಬಿಚ್ಚಿಕೊಳ್ಳುವುದು. ಪ್ರಾಣವು ಉಳಿದರೂ ಬೆನ್ನುಮೂಳೆಗೆ ಆಗುವ ಪೆಟ್ಟು ಸಾಮಾನ್ಯವಾದುದಲ್ಲ.

ಆ ಯುದ್ಧದಲ್ಲಿ ಕೊಡಗಿನ ಮತ್ತೊಬ್ಬ ವೈಮಾನಿಕರು ಮರಳಿ ಬರಲೇ ಇಲ್ಲ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಸೆಪ್ಟೆಂಬರ್ 7ರಂದು ಶತ್ರುವಿನ ಸರ್ಗೋಧಾ ವಿಮಾನನೆಲೆಯ ಮೇಲಣ ದಾಳಿಯಲ್ಲಿ, ತಮ್ಮ ವಿಮಾನಕ್ಕಿಂತ ಬಹಳ ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಕೆಡವಿ ತಾವೂ ಮಡಿದರು. ಅವರ ಸಾಹಸವು ಬಹುಕಾಲದ ಮೇಲೆ ಬೆಳಕಿಗೆ ಬಂದು, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು.

ನಂದಾ ಕಾರ್ಯಪ್ಪನವರಿಗೆ ಆಪತ್ತು ಬಂದುದು ಯುದ್ಧದ ಕೊನೆಯ ದಿನದಲ್ಲಿ. ಸೆಪ್ಟೆಂಬರ್ 22ರಂದು ಅವರು 20ನೆಯ ಸ್ಕ್ವಾಡ್ರನ್ನಿನ ಕೆಲವು ಹಂಟರುಗಳೊಡನೆ ಪಂಜಾಬದ ಗಡಿಯನ್ನು ದಾಟಿ ಶತ್ರುಸ್ಥಾನಗಳ ಮೇಲೆ ಎರಗಿದರು. ನೆಲದಿಂದ ಬಂದ ಗುಂಡು ತಗುಲಿ ವಿಮಾನವು ಉರಿಯತೊಡಗಿತು. ಆಸನಸಮೇತ ಹೊರಕ್ಕೆ ಚಿಮ್ಮಿದ ಅವರು ಬೆನ್ನಿಗೆ ಬಲವಾದ ಪೆಟ್ಟು ತಿಂದು ಶತ್ರುನೆಲದಲ್ಲಿ ಬಿದ್ದು ಸೆರೆಯಾದರು. ಮರುದಿನ ಬೆಳಗಿನ ಜಾವದಲ್ಲಿ ಕದನವಿರಾಮವಾಯಿತು.

ಯುದ್ಧಬಂದಿಯು ತನ್ನ ಹೆಸರು, ಪದವಿ, ಸಂಖ್ಯೆ, ಜನ್ಮದಿನ ಇಷ್ಟನ್ನಲ್ಲದೆ ಬೇರೇನನ್ನೂ ಹೇಳಬೇಕಾದುದಿಲ್ಲವೆಂದು 1949ರ ಜಿನೀವಾ ಒಡಂಬಡಿಕೆಯು ವಿಧಿಸಿರುವುದು. ಆದರೆ ಈ ಬಂದಿಯ ಹೆಸರೊಂದೇ ಸಾಕಾಯಿತು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶವಿಭಜನೆಗೆ ಮೊದಲು ವಾಯವ್ಯ ಗಡಿಪ್ರಾಂತದಲ್ಲಿ ಹಿರಿಯ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಮೇಲಧಿಕಾರಿಯ ಮಗನು ತಮ್ಮ ಸೆರೆಯಲ್ಲಿರುವನೆಂದು ತಿಳಿದೊಡನೆ, ಆತನು ಕ್ಷೇಮವಾಗಿರುವನೆಂಬ ವಾರ್ತೆಯನ್ನು ಕಳುಹಿಸಿದರು; ಬೇಕಾದರೆ ಆತನನ್ನು ಬಿಡುಗಡೆ ಮಾಡುವುದಾಗಿಯೂ ಸೂಚಿಸಿದರೆಂದು ಪ್ರಸಿದ್ಧಿಯಿದೆ. ಅಯೂಬರ ಪತ್ನಿಯೂ ಹಿರಿಯ ಮಗನೂ ಆಸ್ಪತ್ರೆಗೆ ಬಂದು ನಂದಾ ಅವರನ್ನು ಕಂಡು, ಸಿಗರೇಟುಗಳನ್ನೂ ವುಡ್‌ಹೌಸನ ಹಾಸ್ಯಕಾದಂಬರಿಯೊಂದನ್ನೂ ಕೊಟ್ಟು ಹೋದರಂತೆ. ವೈರದ ನಡುವೆಯೂ ಮರೆಯಾಗದ ಈ ಸೌಜನ್ಯವನ್ನು ಮೆಚ್ಚಲೇಬೇಕು.

ಅಯೂಬರ ಸೂಚನೆಗೆ ತಂದೆಯವರು ಕೊಟ್ಟ ಉತ್ತರವೇ ಈ ಕಥೆಯ ಸಾರ. ತಮ್ಮ ಮಗನು ಈಗ ದೇಶದ ಮಗ, ಸೆರೆಯಲ್ಲಿರುವ ಯೋಧರೆಲ್ಲರೂ ತಮ್ಮ ಮಕ್ಕಳೇ, ಅವರೆಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಬೇಕು, ಒಬ್ಬನಿಗಾಗಿ ಮಾತ್ರ ವಿಶೇಷವು ಬೇಡ ಎಂಬುದು ಆ ಉತ್ತರದ ಅಭಿಪ್ರಾಯ.

ಈ ಮಾತನ್ನೋದುವ ತಾಯಂದಿರಿಗೆ ಇದು ಕಠಿನಹೃದಯವೆಂದು ತೋರಬಹುದು. ಗಾಯಗೊಂಡ ಮಗನು ಪರರ ಸೆರೆಯಲ್ಲಿರುವನು. ತಂದೆಯು ‘ಆಗಲಿ’ ಎಂದರೆ ಮನೆಗೆ ಬರುವನು. ಆ ಒಂದು ಮಾತನ್ನು ನುಂಗಿಕೊಳ್ಳುವುದು ಹೆತ್ತವರಿಗೆ ಎಷ್ಟು ದುಸ್ಸಹವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬೇರೊಂದು ದೃಷ್ಟಿಯಿಂದ ಇದನ್ನು ನೋಡಬೇಕೆಂದು ನಮ್ಮ ವಿಜ್ಞಾಪನೆ.

ಕಡೂರು ತಾಲ್ಲೂಕಿನ ಯಗಟಿಯ ಸುತ್ತಿನಲ್ಲಿ ನಾವು ಬಹುಕಾಲ ಉಪಾಧ್ಯಾಯರಾಗಿದ್ದೆವು. ಮಳೆಯನ್ನು ನಂಬಿ ರಾಗಿ ಬೆಳೆಯುವ ಬಯಲುಸೀಮೆಯ ಗೃಹಸ್ಥರಿಗೆ ಮಕ್ಕಳ ವಿದ್ಯೆಯೇ ನೆಚ್ಚಿಕೆ. ಪರೀಕ್ಷೆಯ ಫಲಿತಾಂಶವು ಹೊರಬೀಳುವ ಹೊತ್ತಿಗೆ ಯಾರಾದರೊಬ್ಬರು ನಾಲ್ಕು ತೆಂಗಿನಕಾಯಿಗಳನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಜಗುಲಿಗೆ ಬರುತ್ತಿದ್ದರು. “ಮೇಷ್ಟ್ರೇ, ತಾವು ಒಂದು ಮಾತು ಹೇಳಿದರೆ ಆಗುವ ಕೆಲಸ, ಹುಡುಗನನ್ನು ಮುಂದಿನ ತರಗತಿಗೆ ದಾಟಿಸಿಬಿಡಿ” ಎನ್ನುತ್ತಿದ್ದರು. ಅವರ ಕಷ್ಟವು ನಮಗೆ ತಿಳಿಯದುದಲ್ಲ. ಕಾಯಿಗಳನ್ನು ಹಿಂದಕ್ಕೆ ಕೊಡುವಾಗ ಮನಸ್ಸಿಗೆ ನೋವೂ ಆಗುತ್ತಿತ್ತು. ಆದರೆ ವಶೀಲಿಯಿಂದ ದಾಟಿದ ಹುಡುಗನ ಅವಸ್ಥೆಯನ್ನೂ ನಾವು ಇತರೆಡೆಗಳಲ್ಲಿ ಕಂಡಿದ್ದೆವು. ಅವನು ದಾಟಿದ ಬಗೆಯು ಮಿಕ್ಕ ಹುಡುಗರಿಗೆಲ್ಲ ತಿಳಿದಿರುವುದು. ಆಟದಲ್ಲಿ ಜಗಳವಾದರೆ ಅದೇ ಮಾತು ಹೊರಬರುವುದು. ಅವನು ಮುಂದೆ ನಿಜವಾಗಿಯೂ ಓದಿ ಮೇಲಕ್ಕೆ ಬಂದರೂ ಯಾರೂ ನಂಬರು. ಕೆಲವು ಸಲ ಅವನೇ ತನ್ನನ್ನು ನಂಬನು.

ಸೇನೆಯಲ್ಲಿ ಇದರ ಫಲವು ಇನ್ನೂ ಘೋರವಾದುದು. ಅಲ್ಲಿ ಮೇಲಧಿಕಾರಿಯಾದವನು ಒಂದಲ್ಲ ಒಂದು ದಿನ ಇತರರ ಮಕ್ಕಳಿಗೆ ‘ಹೋಗು’ ಎಂದು ಹೇಳಬೇಕಾಗುವುದು. ಹೋದವರಲ್ಲಿ ಕೆಲವರು ದೇವಯ್ಯನವರಂತೆ ಹಿಂದಿರುಗರು. ಜೊತೆಯವರನ್ನು ಸೆರೆಯಲ್ಲಿ ಬಿಟ್ಟು ತಂದೆಯ ಪರಿಚಯದಿಂದ ಮೊದಲು ಮನೆ ಸೇರಿದವನು ಆ ಮಾತನ್ನು ಯಾವ ಮುಖದಿಂದ ಹೇಳಬಲ್ಲನು? ಹೇಳಿದರೂ ಕೇಳುವವರ ಮನಸ್ಸಿನಲ್ಲಿ ಏನಿರುವುದು? ಹಿರಿಯ ಕಾರ್ಯಪ್ಪನವರು ಆ ದಿನ ಮಗನ ಬಿಡುಗಡೆಯನ್ನು ಬಿಟ್ಟುಕೊಟ್ಟು, ಮುಂದೆ ಅವನು ಪಡೆಯಬಹುದಾದ ಅಧಿಕಾರದ ಮರ್ಯಾದೆಯನ್ನು ಉಳಿಸಿಕೊಟ್ಟರು. ಇದಕ್ಕಿಂತ ದೊಡ್ಡ ಆಸ್ತಿಯನ್ನು ಯಾವ ತಂದೆಯೂ ಮಗನಿಗೆ ಬರೆದಿಡಲಾರನು.

ಬಿಡುಗಡೆಯಾದುದು 1966ರ ಜನವರಿಯಲ್ಲಿ, ತಾಷ್ಕೆಂಟ್ ಒಪ್ಪಂದವಾದ ಮೇಲೆ, ನಾಲ್ಕು ತಿಂಗಳ ಸೆರೆಯನ್ನು ಕಳೆದು, ಇತರ ಬಂದಿಗಳೊಡನೆ. ಬೆನ್ನಿನ ಪೆಟ್ಟನ್ನೇ ನೆಪಮಾಡಿಕೊಂಡು ನಂದಾ ಅವರು ಕೊಡಗಿನ ಕಾಫಿತೋಟಗಳ ನಡುವೆ ಸುಖವಾಗಿ ಇರಬಹುದಾಗಿತ್ತು, ಹಾಗೆ ಮಾಡಲಿಲ್ಲ. 1971ರ ಯುದ್ಧದಲ್ಲಿ ದೇಶದ ಪೂರ್ವಭಾಗದಲ್ಲಿ ಹೆಲಿಕಾಪ್ಟರುಗಳ ದಳವೊಂದರ ನಾಯಕರಾಗಿದ್ದರು. ಹೊಡೆಯುವ ವಿಮಾನದಿಂದ ಹೊರುವ ವಿಮಾನಕ್ಕೆ ಬಂದುದು ಸಣ್ಣ ಬದಲಾವಣೆಯಲ್ಲ. ಹೆಲಿಕಾಪ್ಟರು ವೇಗದಲ್ಲಿ ಹಂಟರಿಗೆ ಎಣೆಯಲ್ಲ. ಆದರೆ ವಿಮಾನವು ಇಳಿಯಲಾರದ ಎಡೆಯಲ್ಲಿ ಇಳಿದು ಗಾಯಾಳುಗಳನ್ನು ಎತ್ತಿಕೊಂಡು ಬರುವುದು ಅದೇ.

ಹೀಗೆ ಒಂದೊಂದಾಗಿ ಮೆಟ್ಟಿಲುಗಳನ್ನೇರಿ ಅವರು ಏರ್ ಮಾರ್ಷಲ್ ಪದವಿಗೆ ಬಂದು, ವಾಯುಪಡೆಯ ನೈಋತ್ಯ ವಿಭಾಗದ ದಂಡನಾಯಕರಾದರು. ಗುಜರಾತು, ರಾಜಸ್ಥಾನಗಳ ಮೇಲಣ ಆಕಾಶವು ಈ ವಿಭಾಗದ ರಕ್ಷಣೆಗೆ ಸೇರಿದುದು. ಯಾವ ದೇಶದ ಸೆರೆಯಲ್ಲಿ ನಾಲ್ಕು ತಿಂಗಳು ಕಳೆದಿದ್ದರೋ ಆ ದೇಶದ ಗಡಿಯ ಕಾವಲೇ ಅವರ ಹೊಣೆಯಾಯಿತು. ಪರಮ ವಿಶಿಷ್ಟ ಸೇವಾ ಪದಕವೂ ವಾಯುಸೇನಾ ಪದಕವೂ ಅವರಿಗೆ ಸಂದವು. 1996ರಲ್ಲಿ, ಸುಮಾರು ನಾಲ್ವತ್ತು ವರ್ಷಗಳ ಸೇವೆಯನ್ನು ಮುಗಿಸಿ ನಿವೃತ್ತರಾದರು. ತಂದೆಯವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವವು ದೊರೆಯಿತು. 1993ರ ಮೇ ತಿಂಗಳಲ್ಲಿ ಅವರು ಬೆಂಗಳೂರಿನಲ್ಲಿ ಕಾಲವಾದರು. ಆ ತಂದೆಯ ಜೀವನಚರಿತ್ರೆಯನ್ನು ಬರೆದವರು ಈ ಮಗನೇ. ಒಂದು ಕಾಲದಲ್ಲಿ ತನಗಾಗಿ ಬಿಡುಗಡೆಯನ್ನು ಬೇಡದ ತಂದೆಯ ಮೇಲೆ ಅವರಿಗೆ ಕಹಿಯಿದ್ದಿದ್ದರೆ ಅಂತಹ ಗ್ರಂಥವು ಹುಟ್ಟುತ್ತಿರಲಿಲ್ಲ.

ನಮ್ಮ ಗೃಹಸ್ಥರ ಮಕ್ಕಳೆಲ್ಲರೂ ವಿಮಾನವನ್ನೇರಲಾರರು, ಏರಬೇಕಾದುದೂ ಇಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ, ಮಗನಿಗಾಗಿ ಒಬ್ಬ ದೊಡ್ಡವರ ಬಾಗಿಲನ್ನು ತಟ್ಟಿದರೆ ಕೆಲಸವು ಆಗಿಹೋಗುವುದೆಂಬ ಒಂದು ಸಂಜೆಯು ಬಂದೇ ಬರುವುದು. ಆ ಸಂಜೆ ಮೆಟ್ಟಿಗೆ ಕಾಲಿಡುವ ಮೊದಲು ತಾಯಿತಂದೆಗಳು ಕೊಡಂದೇರ ಮನೆಯವರ ಈ ಕಥೆಯನ್ನು ಒಂದು ಸಲ ನೆನೆದುಕೊಳ್ಳಲಿ.