ರೈನ್‌ಕ್ರೈಸ್ (ಬವೇರಿಯಾ)

ರೈನ್‌ಕ್ರೈಸ್ ಎಂಬುದು ಬವೇರಿಯಾ ಅರಸೊತ್ತಿಗೆಗೆ ಸೇರಿದ್ದ ಒಂದು ಹಿಂದಿನ ಆಡಳಿತ ಜಿಲ್ಲೆ. ಜರ್ಮನ್ ಭಾಷೆಯಲ್ಲಿ 'ಕ್ರೈಸ್' ಎಂದರೆ ವೃತ್ತ ಅಥವಾ ಮಂಡಲ. ಹೀಗಾಗಿ ಇದರ ಹೆಸರಿನ ಅರ್ಥ 'ರೈನ್ ಮಂಡಲ' ಎಂದಾಗುತ್ತದೆ. ರೈನ್ ನದಿಯ ಎಡದಂಡೆಯಲ್ಲಿ ಸುಮಾರು 6,000 ಚದರ ಕಿಲೋಮೀಟರ್ ವಿಸ್ತೀರ್ಣದಲ್ಲಿ ಹರಡಿದ್ದ ಈ ಜಿಲ್ಲೆಯ ಆಡಳಿತ ಕೇಂದ್ರ ಶ್ಪೈಯರ್ ನಗರವಾಗಿತ್ತು. 1816ರಲ್ಲಿ ಬವೇರಿಯಾದ ಕೈಸೇರಿದ ಈ ಪ್ರದೇಶವನ್ನು 1838ರಿಂದ 'ಫಾಲ್ಟ್ಸ್' (ಪ್ಯಾಲಟಿನೇಟ್) ಎಂದು ಕರೆಯಲಾಯಿತು. ಇಂದು ಇದರ ಬಹುಭಾಗ ಜರ್ಮನಿಯ ರೈನ್‌ಲ್ಯಾಂಡ್-ಪ್ಯಾಲಟಿನೇಟ್ ರಾಜ್ಯದಲ್ಲಿಯೂ ಪಶ್ಚಿಮದ ಸ್ವಲ್ಪ ಭಾಗ ಸಾರ್‌ಲ್ಯಾಂಡ್ ರಾಜ್ಯದಲ್ಲಿಯೂ ಇದೆ.

ಬವೇರಿಯಾದ ಉಳಿದ ಜಿಲ್ಲೆಗಳಿಂದ ರೈನ್‌ಕ್ರೈಸ್ ಎರಡು ಕಾರಣಗಳಿಂದ ಭಿನ್ನವಾಗಿತ್ತು. ಮೊದಲನೆಯದಾಗಿ, ಅದು ಮೂಲ ರಾಜ್ಯಕ್ಕೆ ಎಲ್ಲಿಯೂ ಅಂಟಿಕೊಂಡಿರಲಿಲ್ಲ. ರಾಜಧಾನಿ ಮ್ಯೂನಿಕ್‌ಗೆ ಹೋಗಬೇಕಾದವರು ಬಾಡೆನ್ ಮೊದಲಾದ ಅನ್ಯ ರಾಜ್ಯಗಳನ್ನು ಹಾದುಹೋಗಬೇಕಿತ್ತು. ಎರಡನೆಯದಾಗಿ, ಬವೇರಿಯಾದ ಅರಸನ ಆಳ್ವಿಕೆಯಲ್ಲಿದ್ದರೂ ಅಲ್ಲಿ ನಡೆಯುತ್ತಿದ್ದುದು ಫ್ರಾನ್ಸಿನ ಕಾನೂನು. ಈ ಎರಡನೆಯ ಸಂಗತಿಯೇ ಜಿಲ್ಲೆಯ ಮುಂದಿನ ಇತಿಹಾಸವನ್ನು ರೂಪಿಸಿತು.

ಹಿನ್ನೆಲೆ

ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇಲ್ಲಿ ಒಂದೇ ಆಡಳಿತವಿರಲಿಲ್ಲ. ಪ್ಯಾಲಟಿನೇಟಿನ ಚುನಾಯಕ ದೊರೆ, ತ್ಸ್ವೈಬ್ರೂಕನ್ನಿನ ಡ್ಯೂಕ್, ಶ್ಪೈಯರ್‌ನ ಬಿಷಪ್ ಹಾಗೂ ಅನೇಕ ಸಣ್ಣಪುಟ್ಟ ಪ್ರಭುಗಳ ನಡುವೆ ಈ ನೆಲ ಹಂಚಿಹೋಗಿತ್ತು. ಫ್ರೆಂಚ್ ಕ್ರಾಂತಿಯ ಸೇನೆಗಳು ರೈನ್ ನದಿಯ ಎಡದಂಡೆಯನ್ನು ವಶಪಡಿಸಿಕೊಂಡ ಬಳಿಕ ಈ ವ್ಯವಸ್ಥೆ ಕುಸಿಯಿತು. 1801ರ ಲ್ಯೂನೆವಿಲ್ ಒಪ್ಪಂದದಂತೆ ಎಡದಂಡೆಯ ಪ್ರದೇಶವೆಲ್ಲ ವಿಧಿವತ್ತಾಗಿ ಫ್ರಾನ್ಸಿಗೆ ಸೇರಿತು. ಮುಂದೆ ರೈನ್‌ಕ್ರೈಸ್ ಆದ ಪ್ರದೇಶದ ಬಹುಪಾಲು, ಮೈನ್ಸ್ ನಗರವನ್ನು ಕೇಂದ್ರವಾಗಿ ಹೊಂದಿದ್ದ 'ಮೊಂ-ತೊನೇರ್' ಎಂಬ ಫ್ರೆಂಚ್ ವಿಭಾಗದಲ್ಲಿತ್ತು.

ಫ್ರೆಂಚರ ಆಳ್ವಿಕೆ ಸೈನ್ಯಭರ್ತಿ ಮತ್ತು ತೆರಿಗೆಗಳ ಭಾರವನ್ನು ತಂದಿತೆಂಬುದು ನಿಜ. ಆದರೆ ಅದೇ ಆಳ್ವಿಕೆಯಲ್ಲಿ ಊಳಿಗಮಾನ್ಯ ಕಂದಾಯಗಳು ಮತ್ತು ದಶಾಂಶ ತೆರಿಗೆ ರದ್ದಾದವು. ಶ್ರೀಮಂತ ವರ್ಗದ ವಿಶೇಷ ಹಕ್ಕುಗಳು ಇಲ್ಲವಾದವು. ಯಾರು ಬೇಕಾದರೂ ತಮಗೆ ಬೇಕಾದ ಕಸುಬನ್ನು ಕೈಗೊಳ್ಳುವ ಸ್ವಾತಂತ್ರ್ಯ, ಚರ್ಚಿನ ಹಂಗಿಲ್ಲದ ಸಿವಿಲ್ ವಿವಾಹ, ಎಲ್ಲರೆದುರು ನಡೆಯುವ ಮೌಖಿಕ ವಿಚಾರಣೆ, ಗಂಭೀರ ಅಪರಾಧಗಳಲ್ಲಿ ಜ್ಯೂರಿಯ ತೀರ್ಪು ಇವೆಲ್ಲ ಜಾರಿಗೆ ಬಂದವು. ಕುಸಿದ ಪ್ರಭುತ್ವಗಳ ಮತ್ತು ಮಠಗಳ ಜಮೀನುಗಳು ಹರಾಜಾಗಿ ಊರಿನ ಅನುಕೂಲಸ್ಥರ ಕೈಸೇರಿದವು. ಅಂತಹವರಿಗೆ ಹಳೆಯ ಪದ್ಧತಿ ಮರಳಿ ಬರುವುದು ಬೇಕಿರಲಿಲ್ಲ.

ಬವೇರಿಯಾಕ್ಕೆ ಸೇರ್ಪಡೆ

ನೆಪೋಲಿಯನ್ನನ ಪತನದ ನಂತರ ಈ ಪ್ರದೇಶವನ್ನು ಕೆಲಕಾಲ ಆಸ್ಟ್ರಿಯಾ ಮತ್ತು ಬವೇರಿಯಾಗಳ ಜಂಟಿ ಆಯೋಗ ನೋಡಿಕೊಂಡಿತು. 1816ರ ಏಪ್ರಿಲ್ 14ರಂದು ಸಹಿಯಾದ ಮ್ಯೂನಿಕ್ ಒಪ್ಪಂದದಲ್ಲಿ ಬವೇರಿಯಾ ಸಾಲ್ಸ್‌ಬರ್ಗ್ ಮೊದಲಾದ ಪ್ರದೇಶಗಳನ್ನು ಆಸ್ಟ್ರಿಯಾಕ್ಕೆ ಹಿಂತಿರುಗಿಸಿ, ಬದಲಿಗೆ ರೈನ್ ನದಿಯ ಎಡದಂಡೆಯ ಈ ನೆಲವನ್ನು ಪಡೆಯಿತು. ಎರಡೂ ಭಾಗಗಳನ್ನು ಬೆಸೆಯುವ ಭೂಪಟ್ಟಿಯೊಂದು ಬಾಡೆನ್ ಕಡೆಯಿಂದ ದೊರೆಯಬಹುದೆಂದು ಬವೇರಿಯಾ ಆಶಿಸಿತ್ತು. ಅದು ಈಡೇರಲಿಲ್ಲ.

ಅರಸ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫನಿಗೆ ಇದು ಕೇವಲ ರಾಜಕೀಯ ವಿನಿಮಯವಾಗಿರಲಿಲ್ಲ. ಆತ ವಿಟೆಲ್ಸ್‌ಬಾಕ್ ರಾಜವಂಶದ ತ್ಸ್ವೈಬ್ರೂಕನ್ ಶಾಖೆಯವನು. 1795ರಲ್ಲಿ ಅಣ್ಣ ತೀರಿಕೊಂಡಾಗ ಡ್ಯೂಕ್ ಪದವಿ ಆತನಿಗೆ ಬಂದಿತ್ತು, ಆದರೆ ಆ ವೇಳೆಗೆ ಡಚಿಯೇ ಫ್ರೆಂಚರ ವಶವಾಗಿತ್ತು. ಹೀಗೆ ಹೆಸರಿಗೆ ಮಾತ್ರ ದಕ್ಕಿದ್ದ ಪೂರ್ವಿಕರ ನೆಲಕ್ಕೆ ಆತ ಇಪ್ಪತ್ತೊಂದು ವರ್ಷಗಳ ಬಳಿಕ ಬವೇರಿಯಾದ ಅರಸನಾಗಿ ಒಡೆಯನಾದ.

1817ರಲ್ಲಿ ಬವೇರಿಯಾವನ್ನು ಎಂಟು ಮಂಡಲಗಳಾಗಿ ವಿಂಗಡಿಸಿದಾಗ ಏಳಕ್ಕೆ ಇಸಾರ್, ಮೈನ್, ಡ್ಯಾನ್ಯೂಬ್ ಮೊದಲಾದ ನದಿಗಳ ಹೆಸರು ದೊರೆತಂತೆ ಇದಕ್ಕೆ ರೈನ್ ನದಿಯ ಹೆಸರು ಉಳಿಯಿತು. ಆರಂಭದಲ್ಲಿ ಜಿಲ್ಲೆಯೊಳಗೆ ಫ್ರಾಂಕೆಂತಾಲ್, ಕೈಸರ್ಸ್‌ಲೌಟರ್ನ್, ಲಾಂಡೌ ಮತ್ತು ತ್ಸ್ವೈಬ್ರೂಕನ್ ಎಂಬ ನಾಲ್ಕು ವಿಭಾಗಗಳಿದ್ದವು. 1818ರಲ್ಲಿ ಹನ್ನೆರಡು 'ಲ್ಯಾಂಡ್‌ಕೊಮಿಸ್ಸಾರಿಯಾಟ್'ಗಳನ್ನು ರಚಿಸಲಾಯಿತು. ಇವುಗಳ ಮುಖ್ಯಸ್ಥನಾದ ಲ್ಯಾಂಡ್‌ಕೊಮಿಸ್ಸಾರ್‌ನ ಹುದ್ದೆಯನ್ನು ನಮ್ಮಲ್ಲಿನ ಉಪವಿಭಾಗಾಧಿಕಾರಿಯ ಹುದ್ದೆಗೆ ಹೋಲಿಸಬಹುದು.

ರೈನ್ ಸಂಸ್ಥೆಗಳು

ಹೊಸ ಆಡಳಿತದ ಮುಂದೆ ಮೊದಲು ಬಂದ ಪ್ರಶ್ನೆ ಫ್ರೆಂಚ್ ಕಾನೂನನ್ನು ತೆಗೆದುಹಾಕಬೇಕೆ ಎಂಬುದು. ತೆಗೆಯದಿರಲು ನಿರ್ಧಾರವಾಯಿತು. ನೆಪೋಲಿಯನ್ನನ ಸಿವಿಲ್ ಸಂಹಿತೆ, ಜ್ಯೂರಿ, ಬಹಿರಂಗ ವಿಚಾರಣೆ, ಕಸುಬಿನ ಸ್ವಾತಂತ್ರ್ಯ ಇವೆಲ್ಲವನ್ನೂ ಒಟ್ಟಾಗಿ 'ರೈನ್ ಸಂಸ್ಥೆಗಳು' ಎಂದು ಕರೆಯುವ ರೂಢಿ ಬಂದಿತು. 1818ರ ಮೇ 26ರಂದು ಬವೇರಿಯಾದ ಸಂವಿಧಾನ ಪ್ರಕಟವಾದಾಗಲೂ ರೈನ್‌ಕ್ರೈಸಿನ ಈ ವಿಶೇಷ ಸ್ಥಾನವನ್ನು ಒಪ್ಪಿಕೊಳ್ಳಲಾಯಿತು. ಫ್ರೆಂಚರ ಕಾಲದ ಸಲಹಾ ಸಭೆಯು 'ಲಾಂಡ್‌ರಾಟ್' ಎಂಬ ಹೆಸರಿನಲ್ಲಿ ಮುಂದುವರಿದು ಜಿಲ್ಲೆಯ ತೆರಿಗೆ ಹಂಚಿಕೆಯ ಬಗ್ಗೆ ಅಭಿಪ್ರಾಯ ನೀಡುತ್ತಿತ್ತು, ಅಹವಾಲುಗಳನ್ನು ಅರಸನಿಗೆ ತಲುಪಿಸುತ್ತಿತ್ತು. ಇತರ ಮಂಡಲಗಳಿಗೆ ಇಂಥ ಸಭೆ ದೊರೆತದ್ದು 1828ರಲ್ಲಿ.

ಫ್ರೆಂಚರ ಕಾಲದ ನ್ಯಾಯಾಧೀಶರಲ್ಲಿ ಹಲವರು ಹುದ್ದೆಯಲ್ಲಿಯೇ ಉಳಿದರು. ಅವರಲ್ಲಿ ಆಂಡ್ರಿಯಾಸ್ ರೇಬ್‌ಮನ್ ಪ್ರಸಿದ್ಧ. 'ಶಿಂಡರ್‌ಹಾನ್ಸ್' ಎಂಬ ಅಡ್ಡಹೆಸರಿನ ದರೋಡೆಕೋರನ ವಿಚಾರಣೆ 1803ರಲ್ಲಿ ಮೈನ್ಸ್‌ನಲ್ಲಿ ನಡೆದಾಗ ಅಧ್ಯಕ್ಷನಾಗಿದ್ದವನು ಈತನೇ. ಬವೇರಿಯಾದ ಕಾಲದಲ್ಲಿ ತ್ಸ್ವೈಬ್ರೂಕನ್ ನ್ಯಾಯಾಲಯದಲ್ಲಿದ್ದುಕೊಂಡು ರೈನ್ ಸಂಸ್ಥೆಗಳ ಪರವಾಗಿ ನಿಂತ.

ಮನ್ನಣೆ ಇದ್ದರೂ ಅಸಮಾಧಾನ ಬೆಳೆಯಿತು. ತೆರಿಗೆ ಹೆಚ್ಚೆಂಬ ದೂರು ಮೊದಲಿನಿಂದಲೂ ಇತ್ತು. ದ್ರಾಕ್ಷಿ ಮತ್ತು ತಂಬಾಕು ಬೆಳೆಯುತ್ತಿದ್ದ ರೈತರ ಸಹಜ ಮಾರುಕಟ್ಟೆಗಳು ನೆರೆಯ ಬಾಡೆನ್, ಹೆಸ್ಸೆ ಮತ್ತು ಪ್ರಷ್ಯಾಗಳಲ್ಲಿದ್ದವು. ಆದರೆ ಸುತ್ತಲೂ ಸುಂಕದ ಕಟ್ಟೆಗಳಿದ್ದವು. ಇದರೊಂದಿಗೆ 1830ರ ಆಸುಪಾಸಿನಲ್ಲಿ ಫಸಲೂ ಕೈಕೊಟ್ಟಿತು.

ಹಾಂಬಾಖ್ ಉತ್ಸವ

1830ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಜುಲೈ ಕ್ರಾಂತಿಯ ಕಾವು ರೈನ್‌ಕ್ರೈಸಿಗೂ ತಟ್ಟಿತು. ಇಲ್ಲಿನ ಚಳವಳಿಗೆ ಮುಂದಾಳುವಾದವನು ಒಬ್ಬ ಸರ್ಕಾರಿ ಅಧಿಕಾರಿಯೇ ಎಂಬುದು ಗಮನಾರ್ಹ. 1818ರಿಂದ ಹೊಂಬುರ್ಗ್‌ನಲ್ಲಿ ಲ್ಯಾಂಡ್‌ಕೊಮಿಸ್ಸಾರ್ ಆಗಿದ್ದ ಫಿಲಿಪ್ ಯಾಕೊಬ್ ಸೀಬನ್‌ಫೈಫರ್, 1830ರಲ್ಲಿ ಸರ್ಕಾರವನ್ನು ಟೀಕಿಸುವ ಪತ್ರಿಕೆಯೊಂದನ್ನು ಆರಂಭಿಸಿದ. ಸರ್ಕಾರ ಆತನನ್ನು ದೂರದ ಕೈಸ್‌ಹೈಮ್ ಸೆರೆಮನೆಯ ಮುಖ್ಯಸ್ಥನನ್ನಾಗಿ ವರ್ಗಾಯಿಸಿತು. ಆತ ಹೋಗಲಿಲ್ಲ. ಮುದ್ರಣಯಂತ್ರಕ್ಕೆ ಮೊಹರು ಹಾಕಿದಾಗ, ಅದು ರೊಟ್ಟಿ ಬೇಯಿಸುವ ಒಲೆಗೆ ಮೊಹರು ಹಾಕಿದಷ್ಟೇ ಕಾನೂನುಬಾಹಿರವೆಂದು ವಾದಿಸಿದ. ಈ ವಾದಕ್ಕೆ ಬಲ ಬಂದದ್ದು ಕಸುಬಿನ ಸ್ವಾತಂತ್ರ್ಯ ಮತ್ತು ಆಸ್ತಿಯ ಹಕ್ಕನ್ನು ಕಾಯುತ್ತಿದ್ದ ಫ್ರೆಂಚ್ ಕಾನೂನಿನಿಂದ. ಅದೇ ಆಸರೆಯನ್ನು ಅರಸಿ ಯೋಹಾನ್ ಗೆಯೋರ್ಗ್ ಆಗಸ್ಟ್ ವಿರ್ತ್ ಎಂಬ ಪತ್ರಕರ್ತನು ತನ್ನ 'ಡಾಯ್ಚ ಟ್ರಿಬ್ಯೂನ' ಪತ್ರಿಕೆಯನ್ನು ಮ್ಯೂನಿಕ್‌ನಿಂದ ಹೊಂಬುರ್ಗ್‌ಗೆ ತಂದನು. 1832ರ ಆರಂಭದಲ್ಲಿ ಮುದ್ರಣ ಸ್ವಾತಂತ್ರ್ಯಕ್ಕಾಗಿ ಸಂಘವೊಂದು ಸ್ಥಾಪನೆಯಾಯಿತು; ಮಾರ್ಚ್‌ನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಸಭೆಗಳಿಗೆ ಅಡ್ಡಿಯಿದ್ದುದರಿಂದ ಉತ್ಸವದ ದಾರಿ ಹಿಡಿಯಲಾಯಿತು. ನಾಯ್‌ಶ್ಟಾಟ್ ಪಟ್ಟಣದ ಬಳಿಯ ಹಾಂಬಾಖ್ ಕೋಟೆಯ ಅವಶೇಷಗಳಲ್ಲಿ ಮೇ 27ರಂದು ಸೇರಲು ಸೀಬನ್‌ಫೈಫರ್ ಕರೆಕೊಟ್ಟ. ಸಂವಿಧಾನದ ವಾರ್ಷಿಕ ದಿನ ಮೇ 26. ಅದನ್ನು ಬಿಟ್ಟು ಮರುದಿನವನ್ನು ಆರಿಸಿದ್ದರಲ್ಲಿಯೇ ಸಂದೇಶವಿತ್ತು. ಜಿಲ್ಲೆಯ ಆಡಳಿತ ಮುಖ್ಯಸ್ಥ ಆಂಡ್ರಿಯಾನ್-ವೆರ್‌ಬುರ್ಗ್ ಉತ್ಸವವನ್ನು ನಿಷೇಧಿಸಿದನು. ಪಟ್ಟಣ ಸಭೆಗಳೂ ಲಾಂಡ್‌ರಾಟ್ ಸಭೆಯೂ ಪ್ರತಿಭಟಿಸಿದ್ದರಿಂದ ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಪ್ಪತ್ತರಿಂದ ಮೂವತ್ತು ಸಾವಿರ ಜನ ಕಪ್ಪು-ಕೆಂಪು-ಹೊನ್ನಿನ ಬಾವುಟಗಳೊಂದಿಗೆ ಬೆಟ್ಟ ಹತ್ತಿದರು. ಅವರಲ್ಲಿ ಕುಶಲಕರ್ಮಿಗಳು, ವಿದ್ಯಾರ್ಥಿಗಳು, ದ್ರಾಕ್ಷಿ ಬೆಳೆಗಾರರು, ಮಹಿಳೆಯರು ಇದ್ದರು. ಸೋತ ದಂಗೆಯ ಬಳಿಕ ದೇಶಭ್ರಷ್ಟರಾಗಿದ್ದ ಪೋಲೆಂಡಿನವರೂ ಇದ್ದರು. ಜರ್ಮನಿಯ ಏಕತೆ ಮತ್ತು ಜನರ ಸಾರ್ವಭೌಮತ್ವದ ಬಗ್ಗೆ ಭಾಷಣಗಳಾದವು. ಮುಂದೇನು ಮಾಡಬೇಕೆಂಬುದರಲ್ಲಿ ಮಾತ್ರ ನಾಯಕರಿಗೆ ಒಮ್ಮತ ಮೂಡಲಿಲ್ಲ.

ಜೂನ್‌ನಲ್ಲಿ ಫೀಲ್ಡ್ ಮಾರ್ಷಲ್ ವ್ರೇಡ ಸಾವಿರಾರು ಸೈನಿಕರೊಡನೆ ಜಿಲ್ಲೆಗೆ ಬಂದಿಳಿದನು. ಮುಂದಾಳುಗಳ ಮೇಲೆ ದಂಗೆಗೆ ಪ್ರಚೋದಿಸಿದ ಆರೋಪ ಹೊರಿಸಲಾಯಿತು. ಆದರೆ ಇಂತಹ ಆರೋಪವನ್ನು ರೈನ್‌ಕ್ರೈಸಿನ ಕಾನೂನಿನಂತೆ ಜ್ಯೂರಿಯ ಮುಂದೆಯೇ ಇಡಬೇಕಿತ್ತು. ಲಾಂಡೌ ಕೋಟೆಪಟ್ಟಣದಲ್ಲಿ, ಸೈನ್ಯದ ಕಾವಲಿನಲ್ಲಿ ನಡೆದ ವಿಚಾರಣೆಯಲ್ಲಿ ಆರೋಪಿಗಳು ದೀರ್ಘ ಭಾಷಣಗಳ ಮೂಲಕ ತಮ್ಮನ್ನು ಸಮರ್ಥಿಸಿಕೊಂಡರು. 1833ರ ಆಗಸ್ಟ್ 16ರಂದು ಜ್ಯೂರಿ ಅವರನ್ನು ನಿರ್ದೋಷಿಗಳೆಂದು ಸಾರಿತು. ಆದರೂ ಬಿಡುಗಡೆ ದೊರೆಯಲಿಲ್ಲ: ಅಧಿಕಾರಿಗಳನ್ನು ಅವಮಾನಿಸಿದ ಸಣ್ಣ ಆರೋಪಗಳ ಮೇಲೆ, ಜ್ಯೂರಿ ಇಲ್ಲದ ಕೆಳ ನ್ಯಾಯಾಲಯ ಸೀಬನ್‌ಫೈಫರ್ ಮತ್ತು ವಿರ್ತ್ ಇಬ್ಬರಿಗೂ ಸೆರೆವಾಸ ವಿಧಿಸಿತು. ಸೀಬನ್‌ಫೈಫರ್ ಸೆರೆಯಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿ ಬರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1845ರಲ್ಲಿ ಅಲ್ಲಿಯೇ ತೀರಿಕೊಂಡ.

ಹೆಸರಿನ ಬದಲಾವಣೆ ಮತ್ತು ನಂತರದ ಕಾಲ

ಅರಸ ಒಂದನೆಯ ಲುಡ್ವಿಗ್ 1837ರ ನವೆಂಬರ್ 29ರ ಆದೇಶದಿಂದ ಎಲ್ಲ ಮಂಡಲಗಳ ನದಿನಾಮಗಳನ್ನು ತೆಗೆದು ಚಾರಿತ್ರಿಕ ಹೆಸರುಗಳನ್ನಿಟ್ಟನು. 1838ರ ಜನವರಿ 1ರಿಂದ ರೈನ್‌ಕ್ರೈಸ್ 'ಫಾಲ್ಟ್ಸ್' ಆಯಿತು. 'ರೈನ್' ಎಂಬ ಪದ ಫ್ರೆಂಚರ ಪದ್ಧತಿಯನ್ನು ನೆನಪಿಸುತ್ತಿದ್ದರೆ 'ಫಾಲ್ಟ್ಸ್' ಎಂಬುದು ರಾಜವಂಶದ ಹಳೆಯ ಒಡೆತನವನ್ನು ನೆನಪಿಸುತ್ತಿತ್ತು. ಹೆಸರು ಬದಲಾದರೂ ಜನರ ಮನಸ್ಸು ಬದಲಾಗಲಿಲ್ಲ. 1849ರ ಮೇ ತಿಂಗಳಲ್ಲಿ ಕೈಸರ್ಸ್‌ಲೌಟರ್ನ್‌ನಲ್ಲಿ ತಾತ್ಕಾಲಿಕ ಕ್ರಾಂತಿ ಸರ್ಕಾರವೊಂದು ರಚನೆಯಾಯಿತು. ಜೂನ್‌ನಲ್ಲಿ ಅದನ್ನು ಹತ್ತಿಕ್ಕಿದ್ದು ಪ್ರಷ್ಯಾದ ಸೇನೆ.

ಇದೇ ವೇಳೆಗೆ ರೈನ್ ದಂಡೆಯಲ್ಲಿ ಅರಸನ ಹೆಸರಿನ ಲುಡ್ವಿಗ್ಸ್‌ಹಾಫನ್ ಬಂದರು ಬೆಳೆಯತೊಡಗಿತು. ಅಲ್ಲಿಂದ ಪಶ್ಚಿಮದ ಕಲ್ಲಿದ್ದಲು ಸೀಮೆಯ ಬೆಕ್ಸ್‌ಬಾಖ್‌ವರೆಗಿನ ರೈಲುಮಾರ್ಗ 1849ರಲ್ಲಿ ಪೂರ್ಣಗೊಂಡಿತು. ಫ್ರೆಂಚ್ ಸಿವಿಲ್ ಸಂಹಿತೆ ಇಲ್ಲಿ 1900ರ ಜನವರಿ 1ರಂದು ಇಡೀ ಜರ್ಮನಿಗೆ ಒಂದೇ ಸಿವಿಲ್ ಕಾನೂನು ಬರುವವರೆಗೂ ಚಾಲ್ತಿಯಲ್ಲಿತ್ತು.

1918ರಲ್ಲಿ ಅರಸೊತ್ತಿಗೆ ಅಳಿದ ಮೇಲೂ ಫಾಲ್ಟ್ಸ್ ಬವೇರಿಯಾದಲ್ಲಿಯೇ ಉಳಿಯಿತು. 1920ರಲ್ಲಿ ಹೊಂಬುರ್ಗ್ ಸೇರಿದಂತೆ ಪಶ್ಚಿಮದ ಭಾಗವನ್ನು ಬೇರ್ಪಡಿಸಿ ಸಾರ್ ಪ್ರದೇಶಕ್ಕೆ ಸೇರಿಸಲಾಯಿತು. ಎರಡನೆಯ ಮಹಾಯುದ್ಧದ ಬಳಿಕ ಫ್ರೆಂಚ್ ಸೇನಾಡಳಿತವು 1946ರ ಆಗಸ್ಟ್ 30ರಂದು ಸ್ಥಾಪಿಸಿದ ರೈನ್‌ಲ್ಯಾಂಡ್-ಪ್ಯಾಲಟಿನೇಟ್ ರಾಜ್ಯಕ್ಕೆ ಉಳಿದ ಭಾಗ ಸೇರಿತು. ಬವೇರಿಯಾಕ್ಕೆ ಮರಳಬೇಕೆಂಬ ಕೋರಿಕೆಗೆ 1956ರಲ್ಲಿ ಸಹಿ ಸಂಗ್ರಹ ನಡೆದಾಗ ಅಗತ್ಯವಿದ್ದ ಶೇ. 10ರಷ್ಟು ಮತದಾರರ ಬೆಂಬಲ ದೊರೆಯಲಿಲ್ಲ. 1816ರ ಲಾಂಡ್‌ರಾಟ್ ಸಭೆಯ ಉತ್ತರಾಧಿಕಾರಿಯಾದ 'ಬೆಜಿರ್ಕ್ಸ್‌ಫೆರ್‌ಬಾಂಡ್ ಫಾಲ್ಟ್ಸ್' ಎಂಬ ಸ್ಥಳೀಯ ಸಂಸ್ಥೆ ಕೈಸರ್ಸ್‌ಲೌಟರ್ನ್‌ನಲ್ಲಿ ಇಂದಿಗೂ ಕಾರ್ಯನಿರ್ವಹಿಸುತ್ತಿದೆ. ಪ್ರದೇಶದ ಉಚ್ಚ ನ್ಯಾಯಾಲಯ ಇಂದಿಗೂ ತ್ಸ್ವೈಬ್ರೂಕನ್‌ನಲ್ಲಿದೆ.