ಗುತ್ತಿಗೆಯ ಗೂಢಚರ್ಯೆ

ಗೂಢಚರ್ಯೆಯು ರಾಜ್ಯದಷ್ಟೇ ಹಳೆಯದು. ಕೌಟಿಲ್ಯನು ತನ್ನ ‘ಅರ್ಥಶಾಸ್ತ್ರ’ದಲ್ಲಿ ಗೂಢಪುರುಷರ ವಿಚಾರವನ್ನು ವಿಸ್ತಾರವಾಗಿ ಹೇಳಿರುವನು. ಆದರೆ ಅವರು ಅರಸನ ಸಂಬಳದವರು. ಇಂದಿನವರಲ್ಲಿ ಕೆಲವರು ಗುತ್ತಿಗೆದಾರನ ಆಳುಗಳು.

2024ರ ಫೆಬ್ರವರಿಯಲ್ಲಿ ಚೀನದ ಶಾಂಘೈ ನಗರದ ‘ಐ-ಸೂನ್’ ಎಂಬ ಖಾಸಗಿ ಕಂಪೆನಿಯ ಒಳಗಿನ ಕಾಗದಪತ್ರಗಳು ಬಯಲಾದುವು. ಪರದೇಶಗಳ ಗಣಕಯಂತ್ರಗಳಿಗೆ ಕನ್ನ ಹಾಕಿ, ದೊರೆತ ಮಾಹಿತಿಯನ್ನು ತಮ್ಮ ದೇಶದ ಪೊಲೀಸ್ ಹಾಗೂ ಗುಪ್ತಚರ ಇಲಾಖೆಗಳಿಗೆ ಮಾರುವುದೇ ಅದರ ವ್ಯಾಪಾರವೆಂದು ಆಗ ತಿಳಿಯಿತು. ಭಾರತದ ವಲಸೆ ದಾಖಲೆಗಳು 95 ಗಿಗಾಬೈಟಿನಷ್ಟು ತಮ್ಮಲ್ಲಿರುವುವೆಂದೂ ಅವರು ಬರೆದುಕೊಂಡಿದ್ದರು. ಹೊರನಾಡಿಗೆ ದುಡಿಯಲು ಹೋದ ನಮ್ಮವರ ಹೆಸರುಗಳು ಅದರಲ್ಲಿಲ್ಲವೆಂದು ಯಾರು ಹೇಳಬಲ್ಲರು?

ಗುತ್ತಿಗೆ ಏತಕ್ಕೆ? ಕಳವು ಸಿಕ್ಕಿಬಿದ್ದಾಗ ಸರ್ಕಾರವು ‘ನಾವಲ್ಲ’ ಎಂದು ಕೈತೊಳೆದುಕೊಳ್ಳಬಹುದು. 2025ರ ಮಾರ್ಚ್ ತಿಂಗಳಲ್ಲಿ ಅಮೆರಿಕವು ಈ ಕಂಪೆನಿಯ 8 ಮಂದಿಯ ಮೇಲೂ 2 ಚೀನೀ ಪೊಲೀಸ್ ಅಧಿಕಾರಿಗಳ ಮೇಲೂ ದೋಷಾರೋಪ ಹೊರಿಸಿತು. ಒಡೆದ ಒಂದೊಂದು ಮಿಂಚಂಚೆ ಪೆಟ್ಟಿಗೆಗೆ ಕಂಪೆನಿಯು 10,000ದಿಂದ 75,000 ಡಾಲರುಗಳವರೆಗೆ ಪಡೆಯುತ್ತಿತ್ತೆಂಬುದು ಆರೋಪ.

ಬಯಲಾದ ಪತ್ರಗಳಲ್ಲಿ ನೌಕರರು ತಮ್ಮತಮ್ಮೊಳಗೆ ಗೊಣಗಿಕೊಂಡ ಮಾತುಗಳೂ ಇವೆ: ಸಂಬಳ ಸಾಲದೆಂದು! ಪರರ ಮನೆಗೆ ಕನ್ನ ಕೊರೆದವರೂ ಹೊಟ್ಟೆಪಾಡಿನವರೇ. ಪದವಿಪತ್ರ ಹಿಡಿದು ನೌಕರಿ ಅರಸಹೊರಟಿರುವ ನಾವು ಸಂಬಳವೆಷ್ಟೆಂದು ಕೇಳುವಂತೆಯೇ, ಕೆಲಸವೆಂಥದೆಂದೂ ಕೇಳಬೇಡವೆ?